ಗೋವಿನಜೋಳ ತಿಂದ ಬೆಳಿಗ್ಗೆ

ಅಪ್ಪ ಒಂದು ಪ್ರಶ್ನೆ ಕೇಳಿದ್ದರು. ನಾನು ಅವಸರದಲ್ಲಿ ಏನೋ ಒಂದು ಉತ್ತರ ಕೊಟ್ಟೆ. ಆ ಉತ್ತರ ಸುಳ್ಳು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಮತ್ತೆ ಕೇಳಲಿಲ್ಲ. ಇದಾಗಿದ್ದು 2023ರ ಅಕ್ಟೋಬರ್‌ನಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದಿಂದ ಉತ್ತರಕ್ಕೆ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಹೋಟೆಲಿನ ಕಿಟಕಿ ಪಕ್ಕದ ಮೇಜಿನಲ್ಲಿ. ಅಪ್ಪನ ಮುಂದೆ ಒಂದು ಬಟ್ಟಲು ಇತ್ತು. ಅದರಲ್ಲಿ ಬಿಳಿಯ, ಗಟ್ಟಿ ಗಂಜಿಯಂಥದ್ದು. ಮೇಲೆ ಬೆಣ್ಣೆ ಕರಗುತ್ತಿತ್ತು. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡರು, ನಿಧಾನವಾಗಿ ಅಗಿದರು, ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅಲ್ಲವಾ, ಇದು ಗೋವಿನಜೋಳ ಅಲ್ಲೇನು? ಇದನ್ನ ನಾವು ಕೋಳಿಗೆ ಕೊಡ್ತೇವಲ್ಲ? ಇಲ್ಲಿ ಮಂದಿಗೆ ಬಡಸ್ತಾರೇನು?"

"ಇಲ್ಲಪ್ಪ, ಇದು ಬೇರೆ ತಳಿ" ಅಂದೆ ನಾನು.

ಅಪ್ಪ ಮೂವತ್ತು ವರ್ಷದಿಂದ ರಾಣೆಬೆನ್ನೂರಿನ ಹತ್ತಿರ ಗೋವಿನಜೋಳ ಬೆಳೆಯುತ್ತಿದ್ದಾರೆ. ಕಾಳು ನೋಡಿ ತೇವ ಎಷ್ಟಿದೆ ಅಂತ ಹೇಳುತ್ತಾರೆ. ಅಂಥವರಿಗೆ ನಾನು ತಳಿಯ ಬಗ್ಗೆ ಹೇಳಿದೆ. ಇವತ್ತಿಗೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಅವರು ಅಕ್ಟೋಬರ್‌ನಲ್ಲಿ ಬಂದಿದ್ದೇ ಒಂದು ನೋವಿನ ವಿಷಯ. ಹನ್ನೊಂದು ವರ್ಷದಿಂದ ಕರೆಯುತ್ತಿದ್ದೆ. ಪ್ರತಿ ಸಲ ಒಂದೇ ಮಾತು: "ಸುಗ್ಗಿ ಬಿಟ್ಟು ಹೆಂಗ ಬರೂದು?" ಆ ವರ್ಷ ಮುಂಗಾರು ಕೈಕೊಟ್ಟಿತು. ಸರ್ಕಾರ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಅಪ್ಪನ ನಾಲ್ಕು ಎಕರೆಯಲ್ಲಿ ತೆನೆ ಕಟ್ಟುವ ಹೊತ್ತಿಗೆ ಮಳೆ ಇಲ್ಲ. ಬೆಳೆಯನ್ನು ದನಕ್ಕೆ ಬಿಟ್ಟು, ಒಂದು ದಿನ ಫೋನ್ ಮಾಡಿ, "ಈ ಸಲ ಕೊಯ್ಯಾಕ ಏನೂ ಇಲ್ಲವಾ, ಬರ್ತೇವಿ" ಅಂದರು. ಮಗ ಕುಣಿದ. ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ.

ಹೋಟೆಲಿನ ಮೇಜು

ಜಾರ್ಜಿಯಾದ ಈ ಭಾಗದಲ್ಲಿ ಅಕ್ಟೋಬರ್ ಅಂದರೆ ಸೇಬಿನ ಕಾಲ. ಎಲ್ಲಿಜೇ ಅನ್ನೋ ಬೆಟ್ಟದ ಊರಿನ ತೋಟಗಳಿಗೆ ವಾರದ ಕೊನೆಯಲ್ಲಿ ಊರಿಗೆ ಊರೇ ಹೋಗುತ್ತದೆ. ನಾವೂ ಹೊರಟೆವು. ದಾರಿಯುದ್ದಕ್ಕೂ ಕೈಬರಹದ ಬೋರ್ಡುಗಳು. ಅವ್ವ ಒಂದರ ಚಿತ್ರ ನೋಡಿ, "ಅದು ಶೇಂಗಾ ಅಲ್ಲೇನ?" ಅಂದಳು. ಹೌದು, ಕುದಿಸಿದ ಶೇಂಗಾ. ಉಪ್ಪುನೀರಿನಲ್ಲಿ ಸಿಪ್ಪೆ ಸಮೇತ ಕುದಿಸಿ, ಕೊಟ್ಟೆಯಲ್ಲಿ ಬಿಸಿಬಿಸಿ ಹಾಕಿ ಕೊಡುತ್ತಾರೆ. ಅಮೆರಿಕದಲ್ಲಿ ಬೆಳೆಯುವ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದು ರಾಜ್ಯದ್ದೇ. ರಾಷ್ಟ್ರಪತಿಯಾಗಿದ್ದ ಜಿಮ್ಮಿ ಕಾರ್ಟರ್ ಇಲ್ಲಿನ ಶೇಂಗಾ ರೈತನೇ ಅಂತ ನನ್ನ ಗಂಡ ಹೇಳಿದರು. ಅಪ್ಪ ಆ ಮಾತನ್ನು ಬಹಳ ಇಷ್ಟಪಟ್ಟರು. ಊರಿಗೆ ಹೋದ ಮೇಲೂ ನಾಲ್ಕು ಜನರಿಗೆ ಹೇಳಿದ್ದಾರೆ.

ತಿಂಡಿಗೆ ನಿಲ್ಲಿಸಿದ ಹೋಟೆಲ್ ದಕ್ಷಿಣದವರ ಮನೆ ಅಡುಗೆಯ ಹೋಟೆಲ್. ದಕ್ಷಿಣ ಅಂದರೆ ಇಲ್ಲಿ ಇಡ್ಲಿ-ದೋಸೆಯ ದಕ್ಷಿಣ ಅಲ್ಲ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಕ್ಯಾರೊಲಿನಾಗಳ ದಕ್ಷಿಣ. ಹೊರಗೆ ಜಗಲಿ, ಜಗಲಿಯ ಮೇಲೆ ತೂಗುವ ಕುರ್ಚಿಗಳು. ಅಪ್ಪ ಒಂದರಲ್ಲಿ ಕೂತವರು ಒಳಗೆ ಬರೋಕೆ ಒಪ್ಪಲಿಲ್ಲ. ಚರ್ಚಿಗೆ ಹೋಗುವ ಮುಂಚೆ ತಿಂಡಿಗೆ ಬಂದ ಸಂಸಾರಗಳು, ಒಳ್ಳೆ ಬಟ್ಟೆ ಹಾಕಿಕೊಂಡ ಅಜ್ಜಿಯರು, ಕೂದಲು ಬಾಚಿಸಿಕೊಂಡ ಮಕ್ಕಳು. ಜಾಗ ಸಿಗೋಕೆ ಅರ್ಧ ಗಂಟೆ ಆಯಿತು.

ನಮ್ಮ ಮೇಜಿಗೆ ಬಂದವರು ಅರವತ್ತು ದಾಟಿದ ಕಪ್ಪು ಹೆಂಗಸು. ಬಂದವರೇ ಅವ್ವನ ಭುಜ ಮುಟ್ಟಿ "ಹನಿ" ಅಂದರು. ಅವ್ವ ನನ್ನ ಮುಖ ನೋಡಿದಳು. ಹನಿ ಅಂದರೆ ಜೇನುತುಪ್ಪ, ಪ್ರೀತಿಗೆ ಹಾಗೆ ಕರೆಯುತ್ತಾರೆ ಅಂದೆ. "ಹಂಗಾರ ನಮ್ಮ 'ಯವ್ವಾ' ಇದ್ದಂಗ" ಅಂದಳು ಅವ್ವ. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಾನು ಅನುವಾದ ಮಾಡಬೇಕಾದ್ದು ಕಡಿಮೆಯೇ ಇತ್ತು.

ನಾವು ಮಾಂಸ ತಿನ್ನುವವರಲ್ಲ ಅಂತ ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಇಲ್ಲಿನ ಅಡುಗೆಯಲ್ಲಿ ಹಂದಿ ಕಾಣದ ಕಡೆಯೂ ಇರುತ್ತದೆ. ಸೊಪ್ಪು ಬೇಯಿಸುವಾಗ ರುಚಿಗೆ ಒಂದು ಹೊಗೆಯಾಡಿಸಿದ ಮೂಳೆ, ಬೀನ್ಸಿಗೆ ಒಂದು ತುಂಡು, ಹಿಟ್ಟಿಗೆ ಹಂದಿ ಕೊಬ್ಬು. ಬಿಸ್ಕೆಟ್ ಮೇಲೆ ಸುರಿಯುವ ಬಿಳಿ ಗ್ರೇವಿಯಲ್ಲಿ ಸಾಸೇಜು. (ಇಲ್ಲಿ ಬಿಸ್ಕೆಟ್ ಅಂದರೆ ಚಹಾದಲ್ಲಿ ಅದ್ದುವ ನಮ್ಮ ಬಿಸ್ಕೆಟ್ ಅಲ್ಲ. ಮೃದು ಗೋಧಿಯ ಹಿಟ್ಟಿಗೆ ಬೆಣ್ಣೆ, ಮಜ್ಜಿಗೆ ಹಾಕಿ, ಜಾಸ್ತಿ ನಾದದೆ ಸುಟ್ಟ ಪದರು ಪದರಾದ ಬನ್ನು.) ಆಕೆ ಒಂದೊಂದನ್ನೂ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದರು. ಬಿಸ್ಕೆಟಿಗೆ ಇವತ್ತು ಬೆಣ್ಣೆಯನ್ನೇ ಹಾಕಿದ್ದಾರೆ, ತಿನ್ನಬಹುದು. ಕರಿದ ಟೊಮ್ಯಾಟೊಕಾಯಿ ಬೇಡ, ಅದೇ ಎಣ್ಣೆಯಲ್ಲಿ ಕೋಳಿ ಕರಿದಿದ್ದಾರೆ. ಗ್ರಿಟ್ಸ್‌ನಲ್ಲಿ ನೀರು, ಹಾಲು, ಉಪ್ಪು, ಬೆಣ್ಣೆ, ಅಷ್ಟೇ. ಮೂರು ಸಲ ಓಡಾಡಿದರು, ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಸಸ್ಯಾಹಾರ ಅಂದ ಕೂಡಲೇ ಒಂದು ತಟ್ಟೆ ಎಲೆ ತಂದಿಡುವ ಎಷ್ಟೋ ದೊಡ್ಡ ಹೋಟೆಲುಗಳಿಗಿಂತ ಆಕೆಗೆ ಊಟ ಹಾಕುವುದು ಅಂದರೇನು ಅಂತ ಗೊತ್ತಿತ್ತು.

ಹಾಗೆ ಬಂತು ಆ ಬಟ್ಟಲು. ಗ್ರಿಟ್ಸ್ ಅಂದರೆ ಗೋವಿನಜೋಳವನ್ನು ತರಿತರಿಯಾಗಿ ಒಡೆದು ಬೇಯಿಸಿದ್ದು. ಅವ್ವ ಒಂದು ತುತ್ತು ತಿಂದು ಒಂದೇ ಮಾತಿನಲ್ಲಿ ಮುಗಿಸಿದಳು: "ನುಚ್ಚು." ಎಷ್ಟು ಹೊತ್ತು ಬೇಯಿಸುತ್ತಾರೆ ಅಂತ ಕೇಳಿಸಿದಳು. ಕಲ್ಲಿನಲ್ಲಿ ಒಡೆದದ್ದಾದರೆ ಮುಕ್ಕಾಲು ಗಂಟೆ, ಒಂದು ಗಂಟೆ, ಸಣ್ಣ ಉರಿಯಲ್ಲಿ, ತಿರುವುತ್ತಾ ಇರಬೇಕು ಅಂದರು ಆಕೆ. ಅವ್ವ ತಲೆ ಆಡಿಸಿದಳು. "ಇಲ್ಲಂದ್ರ ಅಡಿ ಹತ್ತತೈತಿ." ಇದಕ್ಕೆ ಸಕ್ಕರೆ ಹಾಕಬೇಕೋ ಉಪ್ಪು ಹಾಕಬೇಕೋ ಅಂತ ಇಲ್ಲಿನವರು ಜಗಳ ಆಡುತ್ತಾರಂತೆ. ಆಕೆ ಉಪ್ಪಿನ ಕಡೆಯವರು. ಸಕ್ಕರೆ ಹಾಕುವವರ ಹೆಸರು ಹೇಳುವಾಗ ಆಕೆಯ ಮುಖ, ಉಪ್ಪಿಟ್ಟಿಗೆ ಸಕ್ಕರೆ ಉದುರಿಸಿಕೊಳ್ಳುವವರನ್ನು ನೋಡಿದ ಅವ್ವನ ಮುಖದ ಹಾಗೆಯೇ ಇತ್ತು.

ಆಗ ಅಪ್ಪ ಆ ಪ್ರಶ್ನೆ ಕೇಳಿದ್ದು. ಆಗಲೇ ನಾನು ತಳಿಯ ಮಾತು ಹೇಳಿದ್ದು. ಅಪ್ಪ ತಿಂಡಿಯ ಪಟ್ಟಿಯಲ್ಲಿ ಆ ಬಟ್ಟಲಿನ ಮುಂದೆ ಬರೆದ ಬೆಲೆ ನೋಡಿದರು. ಐದು ಡಾಲರ್. ನಾಲ್ಕು ನೂರು ರೂಪಾಯಿ ಮೇಲಾಯಿತು. ಬಟ್ಟಲಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಹಿಡಿ ನುಚ್ಚು. ಆ ವರ್ಷ ಗೋವಿನಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,090 ರೂಪಾಯಿ. ಅಂದರೆ ಹಿಡಿಗೆ ಒಂದು ರೂಪಾಯಿ, ಒಂದೂವರೆ. ಅವರು ಬೆರಳು ಮಡಿಸುತ್ತಿದ್ದದ್ದು ನನಗೆ ಕಂಡಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಹೆಸರಿನಲ್ಲೇ ಗೋವು

ನನ್ನ ಗಂಡ ಮೈಸೂರು ಕಡೆಯವರು. ಅವರಿಗೆ ಅದು ಮುಸುಕಿನ ಜೋಳ. ದಾವಣಗೆರೆಯಲ್ಲಿ ಮೆಕ್ಕೆಜೋಳ. ನಮ್ಮ ಹಾವೇರಿ, ಧಾರವಾಡದ ಕಡೆ ಗೋವಿನಜೋಳ. ಬರೀ ಜೋಳ ಅಂದರೆ ನಮಗೆ ಬಿಳಿಜೋಳ, ರೊಟ್ಟಿಯ ಜೋಳ. ಇದು ಆಮೇಲೆ ಬಂದದ್ದು, ಅದಕ್ಕೆ ಗೋವಿನ ಹೆಸರು. ಹಸಿ ತೆನೆ ಸುಟ್ಟು ತಿನ್ನುತ್ತೇವೆ, ಕುದಿಸಿ ತಿನ್ನುತ್ತೇವೆ. ಒಣಗಿದ ಮೇಲೆ ಅದು ನಮ್ಮದಲ್ಲ. ರಸ್ತೆ ಮೇಲೆ ಹರವಿ ಒಣಗಿಸುತ್ತೇವೆ, ಚೀಲ ಹೊಲಿಯುತ್ತೇವೆ, ದಲ್ಲಾಳಿ ಬರುತ್ತಾನೆ, ಲಾರಿ ಹೋಗುತ್ತದೆ. ಎಲ್ಲಿಗೆ ಅಂದರೆ ಕೋಳಿ ಫಾರಂಗಳ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ಹತ್ತಿ, ಜೋಳ, ಮೆಣಸಿನಕಾಯಿ ಇತ್ತು. ಒಂದೊಂದೇ ಹೋಗಿ ಎಲ್ಲ ಗೋವಿನಜೋಳವೇ ಆಯಿತು. ನಾಲ್ಕು ತಿಂಗಳಿಗೆ ಬರುವ ಬೆಳೆ, ಕೂಲಿ ಆಳು ಕಡಿಮೆ ಸಾಕು, ರೊಕ್ಕ ಒಮ್ಮೆಗೇ ಕೈಗೆ ಬರುತ್ತದೆ. ಅಪ್ಪನನ್ನು ತಪ್ಪು ಅನ್ನೋಕೆ ಆಗಲ್ಲ. ಆದರೆ ಮೂವತ್ತು ವರ್ಷ ಹೊಲದ ತುಂಬ ಕಾಳು ಬೆಳೆದು, ಅದರಲ್ಲಿ ಒಂದು ಹಿಡಿಯನ್ನೂ ಅವರು ಒಲೆ ಮೇಲೆ ಇಟ್ಟಿರಲಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಆ ಮೇಜಿನ ಮೇಲೆ ಬಿಸ್ಕೆಟಿಗೆ ಹಾಕಿಕೊಳ್ಳೋಕೆ ಒಂದು ಸೀಸೆ ಇತ್ತು. ಒಳಗೆ ಕಂದು ಬಣ್ಣದ ಪಾಕ, ನಮ್ಮ ಜೋನಿ ಬೆಲ್ಲದ ಹಾಗೆ. ಮೇಲೆ ಸೋರ್ಗಮ್ ಅಂತ ಬರೆದಿತ್ತು. ಸೋರ್ಗಮ್ ಅಂದರೆ ನಮ್ಮ ಜೋಳವೇ. ಆಫ್ರಿಕಾದ ಬೆಳೆ. ಇಲ್ಲಿನ ಬೆಟ್ಟದ ಊರುಗಳಲ್ಲಿ ಸಿಹಿ ದಂಟಿನ ಜೋಳ ಬೆಳೆದು, ಗಾಣಕ್ಕೆ ಹಾಕಿ, ರಸ ಕಾಯಿಸಿ ಪಾಕ ಮಾಡುತ್ತಾರೆ. ಹತ್ತಿರದ ಬ್ಲೇರ್ಸ್‌ವಿಲ್‌ನಲ್ಲಿ ಅಕ್ಟೋಬರ್‌ನಲ್ಲಿ ಇದರದ್ದೇ ಜಾತ್ರೆ ನಡೆಯುತ್ತದೆ. ಆದರೆ ಜೋಳದ ಕಾಳನ್ನು ಈ ದೇಶದಲ್ಲಿ ತಿನ್ನುವವರು ತೀರಾ ಕಡಿಮೆ. ಅದು ಇಲ್ಲಿ ದನದ ಮೇವು. ಅಂದರೆ ಅಮೆರಿಕದ ಕಾಳು ನಮ್ಮಲ್ಲಿಗೆ ಬಂದು ಕೋಳಿಯ ಪಾಲಾಯಿತು, ನಾವು ತಿನ್ನುವ ಕಾಳು ಇಲ್ಲಿಗೆ ಬಂದು ದನದ ಪಾಲಾಯಿತು. ಇದನ್ನು ಹೇಳಿದಾಗ ಅಪ್ಪ ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಿಸ್ಕೆಟಿಗೆ ಹಾಕದೆ ಬರೀ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದರು. "ಎಳೇ ದಂಟು ಅಗದಂಗ ಐತಿ" ಅಂದರು.

ನಾನು ಯಾಕೆ ಸುಳ್ಳು ಹೇಳಿದೆ? ಇದನ್ನು ಯೋಚಿಸುತ್ತಾ ಹೋದರೆ ನೆನಪು ಹೋಗಿ ನಿಲ್ಲುವುದು ಬೆಂಗಳೂರಿನ ಹಾಸ್ಟೆಲಿನಲ್ಲಿ. ಮೊದಲ ವರ್ಷ. ರಾತ್ರಿ ನಾಲ್ಕು ಹುಡುಗಿಯರು ಮಂಚದ ಮೇಲೆ ಕೂತು ನಿಮ್ಮ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಅಂತ ಮಾತಾಡುತ್ತಿದ್ದರು. ಒಬ್ಬಳು ನೀರುದೋಸೆ, ಒಬ್ಬಳು ಅಕ್ಕಿರೊಟ್ಟಿ, ಒಬ್ಬಳು ಶಾವಿಗೆ ಅಂದಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಂದರೆ ರಾತ್ರಿಯ ಜೋಳದ ನುಚ್ಚು. ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. ಅದಕ್ಕೆ ಮಜ್ಜಿಗೆ ಸುರಿದು, ಉಪ್ಪು ಹಾಕಿ, ಕೈಯಲ್ಲಿ ಕಿವುಚಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುತ್ತಿದ್ದೆವು. ನನಗೆ ಅದು ಪ್ರಾಣ. ನಾನು ಹೇಳಿದ್ದು, "ಇಡ್ಲಿ, ದೋಸೆ, ಹಿಂಗೇ." ಯಾರೂ ನನಗೆ ನಾಚಿಕೆಪಡು ಅಂತ ಹೇಳಿಕೊಟ್ಟಿರಲಿಲ್ಲ. ಆದರೆ ಮನೆಗೆ ಬೀಗರು ಬಂದಾಗ ಅವ್ವ ನುಚ್ಚಿನ ಪಾತ್ರೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದಳು. ಅವತ್ತು ಅನ್ನ. ನುಚ್ಚು ನಮಗೆ ಮತ್ತು ಆಳುಗಳಿಗೆ. ನೋಡಿ ನೋಡಿ ಕಲಿತಿದ್ದೆ. ಇಪ್ಪತ್ತು ವರ್ಷದ ಮೇಲೆ, ಅಪ್ಪ ಎಲ್ಲರಿಗೂ ಕೇಳುವ ಹಾಗೆ ಕೋಳಿ ಅಂದಾಗ, ಅದೇ ಹುಡುಗಿ ನನ್ನ ಬಾಯಲ್ಲಿ ಮಾತಾಡಿದಳು.

ನಿಜ ಹೇಳಬೇಕಿತ್ತು. ಹೌದಪ್ಪ, ಅದೇ ಗೋವಿನಜೋಳ. ಬಿಳಿ ಕಾಳಿನದು, ಅಷ್ಟೇ. ಇಲ್ಲೂ ಬಹುಪಾಲು ಗೋವಿನಜೋಳ ಹೋಗುವುದು ಕೋಳಿಗೆ, ದನಕ್ಕೆ, ಹಂದಿಗೆ, ವಾಹನಕ್ಕೆ ಹಾಕುವ ಎಥನಾಲ್‌ಗೆ. ನಾವು ಕೂತಿದ್ದ ಜಾಗದಿಂದ ಹೆಚ್ಚು ದೂರವಿಲ್ಲದ ಗೇನ್ಸ್‌ವಿಲ್ ಊರು ತನ್ನನ್ನು ಜಗತ್ತಿನ ಕೋಳಿ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಮಾಂಸದ ಕೋಳಿ ಸಾಕುವುದರಲ್ಲಿ ಜಾರ್ಜಿಯಾ ಈ ದೇಶದಲ್ಲೇ ಮುಂದೆ. ಆದರೂ ಇವರು ಒಂದು ಬಟ್ಟಲು ತಮಗೆ ಅಂತ ಉಳಿಸಿಕೊಂಡಿದ್ದಾರೆ. 2002ರಲ್ಲಿ ಗ್ರಿಟ್ಸನ್ನು ರಾಜ್ಯದ ಅಧಿಕೃತ ತಿನಿಸು ಅಂತ ಶಾಸನಸಭೆ ಕಾನೂನೇ ಮಾಡಿದೆ. ಭಾನುವಾರ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಸಾಲಿನಲ್ಲಿ ನಿಂತು ತಿನ್ನುತ್ತಾರೆ. ಇಷ್ಟು ಹೇಳಿದ್ದರೆ ಸಾಕಿತ್ತು.

ಬರೀ ಕಾಳು ತಿಂದವರು

ಅವ್ವನ ಚೀಲದಲ್ಲಿ ಯಾವತ್ತೂ ಶೇಂಗಾ ಚಟ್ನಿಪುಡಿ ಇರುತ್ತದೆ. ವಿಮಾನದಲ್ಲೂ ಇತ್ತು. ಅವತ್ತೂ ತೆಗೆದು ಎಲ್ಲರ ಬಟ್ಟಲಿಗೂ ಉದುರಿಸಿದಳು. ಆಮೇಲೆ ಅಪ್ಪ ಮಜ್ಜಿಗೆ ಸಿಗುತ್ತಾ ಕೇಳು ಅಂದರು. ಅಮೆರಿಕದಲ್ಲಿ ಮಜ್ಜಿಗೆ ಕೇಳಿದರೆ ನಗುತ್ತಾರೆ ಅಂದುಕೊಂಡಿದ್ದೆ. ಆಕೆ ನಗಲಿಲ್ಲ. ತಮ್ಮ ಅಜ್ಜ ರಾತ್ರಿ ಊಟಕ್ಕೆ ಒಂದು ದೊಡ್ಡ ಲೋಟದಲ್ಲಿ ಗೋವಿನಜೋಳದ ರೊಟ್ಟಿ, ಅಂದರೆ ಕಾರ್ನ್‌ಬ್ರೆಡ್ ಮುರಿದು ಹಾಕಿ, ಮೇಲೆ ತಣ್ಣನೆ ಮಜ್ಜಿಗೆ ಸುರಿದು, ಚಮಚದಲ್ಲಿ ತಿನ್ನುತ್ತಿದ್ದರಂತೆ. ಈಗಿನ ಹುಡುಗರು ಕೇಳುವುದೇ ಇಲ್ಲ ಅಂತ ಹೇಳಿ, ಬಿಸ್ಕೆಟ್ ಹಿಟ್ಟಿಗೆ ಇಟ್ಟಿದ್ದ ಮಜ್ಜಿಗೆಯಲ್ಲೇ ಒಂದು ಲೋಟ ತಂದರು. ದಪ್ಪ, ಹುಳಿ ಮಜ್ಜಿಗೆ. ಅಪ್ಪ ಅದನ್ನು ಗ್ರಿಟ್ಸ್ ಮೇಲೆ ಸುರಿದರು. ಚಮಚ ಬದಿಗಿಟ್ಟರು. ಕೈಯಿಂದ ಕಲಸಿದರು. ನನ್ನ ಮಗ ಸುತ್ತ ನೋಡಿದ, ಆಮೇಲೆ ಅಜ್ಜನನ್ನು ನೋಡಿ ತಾನೂ ಚಮಚ ಬಿಟ್ಟ. ಆಕೆ ಕಾಫಿ ಕೆಟಲ್ ಹಿಡಿದುಕೊಂಡು ಅಲ್ಲೇ ನಿಂತು ನೋಡುತ್ತಿದ್ದರು. ಅಜ್ಜ ಇದ್ದಿದ್ದರೆ ನಿಮ್ಮ ತಂದೆಯನ್ನು ಇಷ್ಟಪಡುತ್ತಿದ್ದರು ಅಂದರು. ಅಜ್ಜ ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರಂತೆ. ಕೆಲವು ವರ್ಷ ಬೆಳಿಗ್ಗೆ ಇದೇ, ಮಧ್ಯಾಹ್ನ ಇದೇ, ರಾತ್ರಿ ಇದೇ. ಬೇರೆ ಏನೂ ಇರುತ್ತಿರಲಿಲ್ಲ ಅಂದರು.

ಆ 'ಬೇರೆ ಏನೂ ಇರುತ್ತಿರಲಿಲ್ಲ' ಅನ್ನೋದು ಎಷ್ಟು ದೊಡ್ಡ ಮಾತು ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಕಳೆದ ಶತಮಾನದ ಮೊದಲ ನಲವತ್ತು ವರ್ಷ ಇಲ್ಲಿನ ಬಡವರಿಗೆ ಪೆಲ್ಲಾಗ್ರ ಅನ್ನೋ ಕಾಯಿಲೆ ಬರುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ, ಭೇದಿ ಆಗುತ್ತದೆ, ಬುದ್ಧಿ ಕೆಡುತ್ತದೆ, ಕೊನೆಗೆ ಜೀವ ಹೋಗುತ್ತದೆ. ಸುಮಾರು 30 ಲಕ್ಷ ಜನರಿಗೆ ಬಂತು, ಒಂದು ಲಕ್ಷ ಜನ ಸತ್ತರು ಅಂತ ಅಂದಾಜು. ಸೋಂಕು ರೋಗ ಅಂತ ಬಹಳ ಜನ ನಂಬಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರನ್ನು ಕಳಿಸಿತು. ಅವರು ಆಸ್ಪತ್ರೆ, ಅನಾಥಾಲಯ ಸುತ್ತಿ ಒಂದು ವಿಷಯ ಗಮನಿಸಿದರು. ಅಲ್ಲಿನ ವಾಸಿಗಳಿಗೆ ಬರುತ್ತದೆ, ನೋಡಿಕೊಳ್ಳುವ ನರ್ಸುಗಳಿಗೆ ಬರುವುದಿಲ್ಲ. ಸೋಂಕಲ್ಲ ಅಂತ ತೋರಿಸೋಕೆ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಹೆಂಡತಿಯೂ ಚುಚ್ಚಿಸಿಕೊಂಡರು. ಇಬ್ಬರಿಗೂ ರೋಗ ಬರಲಿಲ್ಲ. ರೋಗ ಇದ್ದದ್ದು ತಟ್ಟೆಯಲ್ಲಿ. ಕಾಳು, ಕಾಕಂಬಿ, ಹಂದಿಯ ಕೊಬ್ಬು ಬಿಟ್ಟರೆ ಬೇರೆ ಇಲ್ಲದ ತಟ್ಟೆ. ಕೊರತೆ ಇದ್ದದ್ದು ನಯಾಸಿನ್ ಅನ್ನೋ ವಿಟಮಿನ್ನಿನದು ಅಂತ ತಿಳಿದದ್ದು 1937ರಲ್ಲಿ. ಆಗ ಗೋಲ್ಡ್‌ಬರ್ಗರ್ ಬದುಕಿರಲಿಲ್ಲ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಕಡೆಯ ಸಂಬಂಧ. ಹೈದರಾಬಾದ್ ಕಡೆ ಬರೀ ಜೋಳದ ಮೇಲೆ ಬದುಕುವ ಬಡವರಲ್ಲೂ ಇದೇ ಪೆಲ್ಲಾಗ್ರ ಕಾಣುತ್ತಿತ್ತು. ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಅನ್ನೋ ಅಂಶ ಕಾರಣ ಇರಬಹುದು ಅಂತ ವಾದ ಮುಂದಿಟ್ಟರು. ಅಂದರೆ ಆಕೆಯ ಅಜ್ಜನ ಕಾಳು, ನಮ್ಮ ಅಜ್ಜನ ಕಾಳು, ಎರಡಕ್ಕೂ ಒಂದೇ ಕಾಯಿಲೆ. ಆದರೆ ಅದು ಕಾಳಿನ ತಪ್ಪಾ? ಜೊತೆಗೆ ಮಜ್ಜಿಗೆ ಇದ್ದರೆ, ಕಾಳುಪಲ್ಯ ಇದ್ದರೆ, ಒಂದು ಚಮಚ ಶೇಂಗಾಪುಡಿ ಇದ್ದರೆ ಆ ಕಾಯಿಲೆ ಬರುವುದು ಕಡಿಮೆ. ಅವ್ವ ಚೀಲದಿಂದ ಡಬ್ಬಿ ತೆಗೆದಾಗ ನಾನು ಅಕ್ಕಪಕ್ಕದವರು ನೋಡುತ್ತಾರೆ ಅಂತ ಕಣ್ಣು ಮಾಡಿದ್ದೆ. ಶೇಂಗಾದಲ್ಲಿ ನಯಾಸಿನ್ ಚೆನ್ನಾಗಿ ಇರುತ್ತದೆ ಅಂತ ಓದಿದ ದಿನ ಅವ್ವನಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆ ಅಂತ ಹೇಳಲಿಲ್ಲ. ಊಟ ಆಯ್ತಾ ಅಂತ ಕೇಳಿ ಇಟ್ಟೆ.

ಯಾರ ಊಟ

ಗೋವಿನಜೋಳವನ್ನು ಸರಿಯಾಗಿ ತಿನ್ನೋದು ಹೇಗೆ ಅಂತ ಗೊತ್ತಿದ್ದವರು ಈ ನೆಲದಲ್ಲಿ ಮೊದಲೇ ಇದ್ದರು. ಈ ಬೆಟ್ಟಗಳು ಚೆರೋಕಿ ಜನರದ್ದು. ಅವರೂ ಪಕ್ಕದ ಮಸ್ಕೋಗಿಗಳೂ ಕಾಳನ್ನು ಸೌದೆಯ ಬೂದಿ ನೀರಿನಲ್ಲಿ ಬೇಯಿಸುತ್ತಿದ್ದರು. ಹಾಗೆ ಮಾಡಿದರೆ ಆ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನಿಂದ ಬಂದವರು ಕಾಳನ್ನು ತೆಗೆದುಕೊಂಡರು, ಬೂದಿಯನ್ನು ಬಿಟ್ಟರು. 1838ರಲ್ಲಿ ಚೆರೋಕಿಗಳನ್ನು ಬಂದೂಕಿನ ಮುಂದೆ ಇಲ್ಲಿಂದ ಓಡಿಸಿದರು. ಇನ್ನು ಆ ಕಾಳನ್ನು ತಲೆಮಾರುಗಳ ಕಾಲ ಬೇಯಿಸಿದ ಕೈಗಳು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತರಲಾದವರದ್ದು. ಬೆಂಡೆಕಾಯಿ, ಅಲಸಂದೆ, ಎಳ್ಳು, ಜೋಳ ಎಲ್ಲ ಅವರ ಜೊತೆಗೇ ದಕ್ಷಿಣದ ಅಡುಗೆಗೆ ಬಂದವು. (ಎಳ್ಳಿಗೆ ಕ್ಯಾರೊಲಿನಾದ ಕರಾವಳಿಯಲ್ಲಿ ಇವತ್ತಿಗೂ ಆಫ್ರಿಕಾದ ಹೆಸರೇ ಇದೆ, 'ಬೆನ್ನೆ'. ಮೊದಲ ಸಲ ಕೇಳಿದಾಗ ನನಗೆ ದಾವಣಗೆರೆ ನೆನಪಾಯಿತು.) ಅಡುಗೆಮನೆಯಲ್ಲಿ ಅವರದೇ ಕೈ. ಮೇಜಿನಲ್ಲಿ ಅವರಿಗೆ ಜಾಗ ಇಲ್ಲ. ಹೋಟೆಲಿನಲ್ಲಿ ಯಾರು ಬೇಕಾದರೂ ಕೂತು ತಿನ್ನಬಹುದು ಅಂತ ಕಾನೂನು ಬಂದದ್ದು 1964ರ ಜುಲೈ 2ರಂದು. ಮಾರನೆಯ ದಿನವೇ ಅಟ್ಲಾಂಟಾದ ಪಿಕ್ರಿಕ್ ಹೋಟೆಲಿಗೆ ಊಟಕ್ಕೆ ಬಂದ ಮೂವರು ಕಪ್ಪು ವಿದ್ಯಾರ್ಥಿಗಳನ್ನು ಅದರ ಮಾಲೀಕ ಲೆಸ್ಟರ್ ಮ್ಯಾಡಾಕ್ಸ್ ಪಿಸ್ತೂಲು ತೋರಿಸಿ ಓಡಿಸಿದ. ಮೂರು ವರ್ಷದಲ್ಲಿ ಆತ ರಾಜ್ಯದ ಗವರ್ನರ್ ಆದ. ನಮಗೆ ಬಡಿಸಿದ ಆ ಹೆಂಗಸು ಆಗ ಚಿಕ್ಕ ಮಗು.

ಕಾರಿನಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮೂರ ಚಾದಂಗಡ್ಯಾಗ ಅವರ ಕಪ್ಪು ಬಸಿ ಹೊರಗ ಮಾಡದಾಗ ಇರತಿದ್ದುವು" ಅಂದರು. "ಕುಡದು, ತಾವ ತೊಳದು ಇಡತಿದ್ರು." ಸ್ವಲ್ಪ ತಡೆದು, "ನಮ್ಮ ಹಿತ್ತಲದಾಗೂ ಹಂಗ ಇತ್ತವಾ. ನಿಮ್ಮಜ್ಜಿ ಮ್ಯಾಲಿಂದ ನೀಡತಿದ್ಲು, ನುಚ್ಚು" ಅಂದರು. ಅಪ್ಪ ಇದನ್ನು ಅವತ್ತಿನವರೆಗೆ ನನ್ನ ಮುಂದೆ ಹೇಳಿರಲಿಲ್ಲ. ನಾನೂ ನೋಡಿದ್ದೆ, ಕೇಳಿರಲಿಲ್ಲ.

ದಾರಿ ತಪ್ಪುವ ಹೊಲ

ಸೇಬಿನ ತೋಟದಲ್ಲಿ ಮಕ್ಕಳಿಗೆ ಅಂತ ಒಂದು ಗೋವಿನಜೋಳದ ಹೊಲ ಇತ್ತು. ಒಳಗೆ ಸುತ್ತುಸುತ್ತಾಗಿ ದಾರಿ ಕಡಿದಿರುತ್ತಾರೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ದಾರಿ ತಪ್ಪಿ, ಮತ್ತೆ ಹೊರಗೆ ಬರೋದೇ ಆಟ. ಅಕ್ಟೋಬರ್‌ಗೆ ಹಸಿರಾಗಿರಲಿ ಅಂತ ತಡವಾಗಿ ಬಿತ್ತಿದ್ದರು. ಆಳೆತ್ತರ ಬೆಳೆದಿತ್ತು. ಮಗ ಓಡಿಹೋದ, ಅವನ ಹಿಂದೆ ನನ್ನ ಗಂಡ. ಅಪ್ಪ ದಾರಿ ಹುಡುಕಲೇ ಇಲ್ಲ. ಮೊದಲ ತಿರುವಿನಲ್ಲೇ ನಿಂತು ಒಂದು ಗಿಡದ ಎಲೆ ಹಿಡಿದು ನೋಡಿದರು. ಎಲೆಯಲ್ಲಿ ಸಾಲಾಗಿ ತೂತು. ಇನ್ನೊಂದು ಗಿಡದ ಸುಳಿ ಬಿಡಿಸಿದರು. ಒಳಗೆ ಒದ್ದೆ ಹುಡಿಯಂಥ ಹಿಕ್ಕೆ. "ಲದ್ದಿ ಹುಳ" ಅಂದರು. ಈ ಹುಳ ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಆ ವರ್ಷ ಅಪ್ಪ ಮೂರು ಸಲ ಔಷಧಿ ಹೊಡೆದಿದ್ದರು. ಈಗ ಅದರ ತವರಿನಲ್ಲಿ ನಿಂತು, ಬಹಳ ದಿನದಿಂದ ಗುರುತಿರುವವರನ್ನು ಕಂಡ ಹಾಗೆ ನೋಡುತ್ತಿದ್ದರು.

ಆಮೇಲೆ ತೆನೆ ಮುಟ್ಟಿದರು. ಸಿಪ್ಪೆ ಸ್ವಲ್ಪ ಸರಿಸಿದರು. ಕಾಳು ತುದಿಯವರೆಗೆ ತುಂಬಿತ್ತು. ಇದನ್ನ ಕೊಯ್ದು ಏನು ಮಾಡುತ್ತಾರೆ ಕೇಳು ಅಂದರು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗನನ್ನು ಕೇಳಿದೆ. ಏನೂ ಮಾಡಲ್ಲ, ಆಟದ ಕಾಲ ಮುಗಿದ ಮೇಲೆ ಟ್ರ್ಯಾಕ್ಟರ್ ಹೊಡೆದು ನೆಲಕ್ಕೆ ಸೇರಿಸುತ್ತಾರೆ, ಅಷ್ಟರಲ್ಲಿ ಜಿಂಕೆ ತಿಂದಷ್ಟು ತಿನ್ನುತ್ತವೆ ಅಂದ. ನಾನು ಈ ಸಲ ಸುಳ್ಳು ಹೇಳಲಿಲ್ಲ, ಹಾಗೇ ಹೇಳಿದೆ. ಅಪ್ಪ ಸರಿಸಿದ್ದ ಸಿಪ್ಪೆಯನ್ನು ಮತ್ತೆ ಕಾಳಿನ ಮೇಲೆ ಎಳೆದು ಮುಚ್ಚಿದರು. ಎರಡೂ ಕೈಯಲ್ಲಿ ತೆನೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಒಳಗಿನಿಂದ ಮಗ "ಅಜ್ಜಾ" ಅಂತ ಕೂಗುತ್ತಿದ್ದ.

ಅವರು ಊರಿಗೆ ಹೋಗಿ ಒಂದು ವರ್ಷವಾಗಿತ್ತು. 2024ರಲ್ಲಿ ಮಳೆ ಬಂತು, ಬೆಳೆಯೂ ಬಂತು. ದೀಪಾವಳಿ ಹತ್ತಿರ ಒಂದು ಭಾನುವಾರ ಅವ್ವ ವಿಡಿಯೊ ಕಾಲ್ ಮಾಡಿ ಒಲೆಯ ಕಡೆ ಫೋನ್ ತಿರುಗಿಸಿದಳು. ಪಾತ್ರೆಯಲ್ಲಿ ಹಳದಿ ಬಣ್ಣದ ನುಚ್ಚು ಕುದಿಯುತ್ತಿತ್ತು. ನಮ್ಮ ಹೊಲದ್ದೇ ಕಾಳು. ಚೀಲ ಹೊಲಿಯುವ ಮುಂಚೆ ಅಪ್ಪ ಐದು ಕೆಜಿ ತೆಗೆದಿಟ್ಟು, ಆರಿಸಿ, ಗಿರಣಿಗೆ ಒಯ್ದು ಒಡೆಸಿಕೊಂಡು ಬಂದಿದ್ದರು. ಹಿಂದಿನಿಂದ ಅಪ್ಪನ ದನಿ ಕೇಳಿತು. ಗಿರಣಿಯವನು ಕಾಳು ನೋಡಿ, "ಎಷ್ಟ ಕೋಳಿ ಅದಾವ್ರೀ ಗೌಡ್ರ?" ಅಂತ ಕೇಳಿದನಂತೆ.

"ನೀವು ಏನಂದ್ರಿ ಅಪ್ಪ?"

"ನಾವಿಬ್ಬರ ಅದೇವಪ್ಪ ಅಂದೆ. ಸ್ವಲ್ಪ ಸಣ್ಣಗ ಒಡಿ, ಹಲ್ಲ ಇಲ್ಲ ಅಂದೆ."